ಒಂದೇ ಹೆಸರಿನ ಎರಡು ಹಳ್ಳಿಗಳು: ಎಸ್ಟೋನಿಯಾ ಕರಾವಳಿಯ ಎಸ್ಟೇಟು ಮತ್ತು ಮೌಖಿಕ ಚರಿತ್ರೆ

ಉತ್ತರ ಎಸ್ಟೋನಿಯಾದಲ್ಲಿ ಫಿನ್ಲೆಂಡ್ ಕೊಲ್ಲಿಯೊಳಕ್ಕೆ ಚಾಚಿಕೊಂಡಿರುವ ಯುಮಿಂಡಾ ಪರ್ಯಾಯದ್ವೀಪದಲ್ಲಿ ಆಬ್ಲಾ ಎಂಬ ಹೆಸರಿನ ಎರಡು ಹಳ್ಳಿಗಳಿವೆ. ಒಂದು ಕೊಲ್ಗಾ-ಆಬ್ಲಾ, ಇನ್ನೊಂದು ಕೀಯು-ಆಬ್ಲಾ. ಕೊಲ್ಗಾ, ಕೀಯು ಎಂಬವು ಆ ಸೀಮೆಯ ಎರಡು ಜಮೀನುದಾರಿ ಎಸ್ಟೇಟುಗಳ ಹೆಸರುಗಳು. ಯಾವ ಆಬ್ಲಾ ಎಂದು ಕೇಳಿದರೆ ಯಾರ ಆಬ್ಲಾ ಎಂದೇ ಉತ್ತರಿಸಬೇಕಾಗಿತ್ತು.

ಇವುಗಳಲ್ಲಿ ಕೊಲ್ಗಾ ಬಹು ದೊಡ್ಡದು. ಹದಿಮೂರನೆಯ ಶತಮಾನದಲ್ಲಿ ಅದು ಗಾಟ್ಲೆಂಡ್ ದ್ವೀಪದ ಸಿಸ್ಟರ್ಶಿಯನ್ ಸನ್ಯಾಸಿಗಳ ಕೈಯಲ್ಲಿತ್ತು. ಹದಿನೇಳನೆಯ ಶತಮಾನದಿಂದ ಸ್ಟೆನ್‌ಬಾಕ್ ಮನೆತನದ ಒಡೆತನಕ್ಕೆ ಬಂದಿತು. ಒಡೆಯರ ಪೀಳಿಗೆಗಳನ್ನು ದಾಖಲೆಗಳು ಕ್ರಮವಾಗಿ ಹೇಳುತ್ತವೆ. ಒಕ್ಕಲುಗಳಾದರೋ ಅಲ್ಲಿ ದುಡಿಮೆಯ ದಿನಗಳ ಲೆಕ್ಕವಾಗಿಯೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತಾರೆ. 1816ರಲ್ಲಿ ಜೀತಪದ್ಧತಿ ರದ್ದಾಯಿತಾದರೂ ಭೂಮಿ ಒಡೆಯನದಾಗಿಯೇ ಉಳಿದುದರಿಂದ, ಗೇಣಿಗೆ ಬದಲಾಗಿ ಬಿಟ್ಟಿ ದುಡಿಮೆ 1868ರವರೆಗೂ ನಡೆದುಬಂದಿತು. ರೈತರಿಗೆ ಕುಲನಾಮಗಳು ದೊರೆತದ್ದು ಕೂಡ 1835ರ ಸುಮಾರಿಗೆ, ಎಸ್ಟೇಟುಗಳ ಮೂಲಕವೇ.

ಆದರೆ ಈ ಚರಿತ್ರೆಗೆ ಇನ್ನೊಂದು ದಂಡೆಯಿದೆ. ಕಲ್ಲು ಮರಳಿನ ಈ ನೆಲ ಹೊಟ್ಟೆ ತುಂಬಿಸುವಂಥದಲ್ಲ. ಆದ್ದರಿಂದ ಕರಾವಳಿಯ ಜನ ಕಡಲಿಗಿಳಿದರು. ಕೊಲ್ಲಿಯಾಚೆಯ ಫಿನ್ನಿಶ್ ಬೆಸ್ತರು ಉಪ್ಪುಮೀನು ತರುತ್ತಿದ್ದರು, ಇವರು ಅದಕ್ಕೆ ಧಾನ್ಯ ಅಳೆದುಕೊಡುತ್ತಿದ್ದರು. ಹಣವಿಲ್ಲದ ಈ ವಿನಿಮಯದ ಜೊತೆಗಾರನಿಗೆ 'ಸೆಪ್ರ' ಎಂದು ಹೆಸರು, ಎಂದರೆ ಗೆಳೆಯ. ಗೆಳೆತನವು ತಂದೆಯಿಂದ ಮಗನಿಗೆ ಇಳಿದುಬರುತ್ತಿತ್ತು. ಸುಂಕದ ಕಣ್ಣು ತಪ್ಪಿಸಿ ಉಪ್ಪು ಬರುತ್ತಿದ್ದುದೂ ಇದೇ ದಾರಿಯಲ್ಲಿ. (ಕಳ್ಳಸಾಗಣೆಯೆಂಬುದು ಸುಂಕದವನ ಮಾತು, ದೋಣಿಯವನಿಗೆ ಅದು ನಂಟಸ್ತಿಕೆಯ ಮುಂದುವರಿಕೆಯಷ್ಟೇ.) ಈ ಒಡನಾಟದ ಗುರುತು ನುಡಿಯಲ್ಲೇ ಉಳಿದಿದೆ: ಇಲ್ಲಿನ ಕರಾವಳಿ ಉಪಭಾಷೆ ಒಳನಾಡಿನ ಎಸ್ಟೋನಿಯನ್ನಿಗಿಂತ ಫಿನ್ನಿಶ್ ಭಾಷೆಗೆ ಹತ್ತಿರವಾದ ಹಲವು ಲಕ್ಷಣಗಳನ್ನು ಹೊಂದಿದೆ. ಎಸ್ಟೇಟಿನ ಕಡತವನ್ನಷ್ಟೇ ಓದಿದವರಿಗೆ ಈ ಹಳ್ಳಿಗರು ನೆಲಕ್ಕೆ ಕಟ್ಟುಬಿದ್ದವರಾಗಿ ಮಾತ್ರ ತೋರುತ್ತಾರೆ.

ಈ ಕಾರಣಕ್ಕಾಗಿಯೇ 1888ರಲ್ಲಿ ಯಾಕೊಬ್ ಹುರ್ಟ್ ಮಾಡಿದ ಸಾರ್ವಜನಿಕ ಮನವಿ ಮಹತ್ವದ್ದು. ಊರೂರಿನ ಜನರೇ ಹಾಡು, ಗಾದೆ, ನಂಬಿಕೆಗಳನ್ನು ಬರೆದು ಕಳಿಸಬೇಕೆಂಬುದು ಅದರ ಆಶಯ; ಓಗೊಟ್ಟವರು ಸಾವಿರಕ್ಕೂ ಮಿಕ್ಕಿದರು. ಈ ಕರಾವಳಿಯನ್ನೊಳಗೊಂಡ ಕೂಸಲು ಪ್ಯಾರಿಷಿನ ಹಳೆಯ ಹಾಡುಗಳ ಸಂಪುಟ 1938ರಲ್ಲಿ ಹೊರಬಂದಿತು. ಒಕ್ಕಲಿನ ಹೆಂಗಸು ದಾಖಲೆಯಲ್ಲಿ ತನ್ನ ದನಿಯೊಡನೆ ಕಾಣಿಸಿಕೊಂಡದ್ದು ಇಂಥ ಪುಟಗಳಲ್ಲಿ.

1919ರ ಭೂಸುಧಾರಣೆ ಎಸ್ಟೇಟುಗಳ ಜಮೀನನ್ನು ವಶಪಡಿಸಿಕೊಂಡು ಹಂಚಿತು. ನೆಲ ಸಿಕ್ಕಿತು, ಮುಂದೆ ಹೋದದ್ದು ಕಡಲು. ಸೋವಿಯತ್ ಆಳ್ವಿಕೆಯಲ್ಲಿ ಕರಾವಳಿ ಗಡಿವಲಯವಾಯಿತು. 1944ರಲ್ಲಿ ಸಾವಿರಾರು ಎಸ್ಟೋನಿಯನ್ನರು ದೋಣಿಯೇರಿ ದೇಶ ಬಿಟ್ಟಿದ್ದರು. ಉಳಿದವರಿಗೆ ಆಚೆದಡದ ಗೆಳೆಯನ ಮನೆ ಮುಚ್ಚಿಹೋಯಿತು. 1950ರ ದಶಕದಲ್ಲಿ ನೆರೆಯ ಹಾರಾ ಕೊಲ್ಲಿಯಲ್ಲಿ ಜಲಾಂತರ್ಗಾಮಿಗಳ ನೆಲೆ ಎದ್ದಿತು. 1991ರಲ್ಲಿ ದೇಶ ಮತ್ತೆ ಸ್ವತಂತ್ರವಾಯಿತು. ನಕಾಶೆಯಲ್ಲಿ ಎರಡು ಆಬ್ಲಾಗಳು ಇಂದಿಗೂ ತಮ್ಮ ಹಳೆಯ ಒಡೆತನದ ಹೆಸರುಗಳನ್ನೇ ಹೊತ್ತುಕೊಂಡಿವೆ.