ಅತಿ ಸರಳ ಜೀವಿ ಎಷ್ಟು ಸರಳ?

ನಾನಿರೋದು ಚೆನ್ನೈನ ಮಾಧವರಂನಲ್ಲಿ. ಇಲ್ಲಿನ ಮಿಲ್ಕ್ ಕಾಲೋನಿಯಲ್ಲಿ 1989ರಲ್ಲಿ ಶುರುವಾದ ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ. ಪಶುವೈದ್ಯರಿಗೆಲ್ಲ ಚೆನ್ನಾಗಿ ಗೊತ್ತಿರೋ ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾನೇ ಇವತ್ತಿನ ವಿಷಯ.

ನಮ್ಮ ದೇಹದಲ್ಲಿ ಜೀವಕೋಶಗಳು ಸೇರಿ ಅಂಗಾಂಶ, ಅಂಗಾಂಶಗಳು ಸೇರಿ ಅಂಗ, ಅಂಗಗಳು ಸೇರಿ ಅಂಗವ್ಯೂಹ. ದೊಡ್ಡ ಕಂಪನಿಯ ಟೀಮುಗಳ ಹಾಗೆ ಒಂದೊಂದಕ್ಕೆ ಒಂದೊಂದು ಕೆಲಸ. ಮೈಕೋಪ್ಲಾಸ್ಮಾಗೆ ಇರೋದು ಒಂದೇ ಕೋಶ. ಆಹಾರ ತಗೊಳ್ಳೋದು, ಬೆಳೆಯೋದು, ಎರಡಾಗೋದು, ಎಲ್ಲಾ ಅದರದ್ದೇ. ಅದಕ್ಕೆ ಕೋಶಭಿತ್ತಿಯೂ ಇಲ್ಲ, ಬರೀ ತೆಳು ಪೊರೆ. ಪೆನಿಸಿಲಿನ್ ಬ್ಯಾಕ್ಟೀರಿಯಾನ ಕೊಲ್ಲೋದು ಅದರ ಗೋಡೆ ಕಟ್ಟೋ ಕೆಲಸ ಕೆಡಿಸಿ. ಗೋಡೆಯೇ ಇಲ್ಲದ ಕಡೆ ಅದೇನು ಮಾಡೀತು? ಈ ಸೋಂಕಿನಿಂದ ಉಸಿರಿಗೆ ಕಷ್ಟಪಡೋ ಮೇಕೆಗೆ ಟೆಟ್ರಾಸೈಕ್ಲಿನ್ ತರಹದ ಬೇರೆ ಔಷಧವೇ ಬೇಕು.

ಹಾಗಾದ್ರೆ ಬದುಕೋಕೆ ಕನಿಷ್ಠ ಎಷ್ಟು ಜೀನ್ ಬೇಕು? ಅಮೆರಿಕದ ಕ್ರೇಗ್ ವೆಂಟರ್ ಮತ್ತು ಸಂಗಡಿಗರು ಮೇಕೆಗೆ ರೋಗ ತರೋ ಮೈಕೋಪ್ಲಾಸ್ಮಾದ ಜೀನೋಮನ್ನೇ ಆಧಾರವಾಗಿಟ್ಟುಕೊಂಡು, ಬೇಡದ್ದನ್ನೆಲ್ಲ ತೆಗೀತಾ ಹೋದ್ರು. 2016ರಲ್ಲಿ ಕೊನೆಗೆ ಉಳಿದಿದ್ದು 473 ಜೀನ್. ಮನುಷ್ಯನಲ್ಲಿರೋದು ಸುಮಾರು 20,000.

ಹಳೇ ಕೋಡ್‌ಬೇಸ್ ಕ್ಲೀನ್ ಮಾಡಿದವರಿಗೆ ಮುಂದಿನದು ಬೇಗ ಅರ್ಥ ಆಗುತ್ತೆ. ಆ 473ರಲ್ಲಿ 149 ಜೀನ್‌ಗಳು ನಿಖರವಾಗಿ ಏನು ಮಾಡ್ತವೆ ಅಂತ ಆಗ ಅವರಿಗೇ ಗೊತ್ತಿರ್ಲಿಲ್ಲ. ತೆಗೆದ್ರೆ ಮಾತ್ರ ಕೋಶ ಸಾಯುತ್ತೆ, ಇಲ್ಲಾ ಬೆಳವಣಿಗೆ ಕುಂಟುತ್ತೆ. ಅಂದ್ರೆ ಜೀವಕ್ಕೆ ಬೇಕೇ ಬೇಕಾದ ಕೆಲಸಗಳಲ್ಲಿ ಮೂರನೇ ಒಂದು ಭಾಗ ನಮ್ಮ ಪಠ್ಯಪುಸ್ತಕದಲ್ಲಿ ಇರಲೇ ಇಲ್ಲ. ಚಿಕ್ಕದು ಅಂದಮಾತ್ರಕ್ಕೆ ಸುಲಭ ಅಲ್ಲ.

ವೈರಸ್ಸಿಗೆ ಸ್ವಂತ ಕೋಶವೂ ಇಲ್ಲ. ಅದನ್ನ ಜೀವಿ ಅನ್ನಬಹುದಾ? ಮುಂದಿನ ವೀಡಿಯೊದಲ್ಲಿ ನೋಡೋಣ.