ಜೆ.ಸಿ. ರಸ್ತೆಯ ಗಲ್ಲಿಯಲ್ಲಿ ಬ್ರೇಕಿನ ತಪಾಸಣೆ

ರವೀಂದ್ರ ಕಲಾಕ್ಷೇತ್ರ ದಾಟಿ ಮಿನರ್ವ ಸರ್ಕಲ್ ಕಡೆಗೆ ನಡೆದರೆ ಜೆ.ಸಿ. ರಸ್ತೆಯುದ್ದಕ್ಕೂ ಕಾರಿನ ಬಿಡಿಭಾಗಗಳದ್ದೇ ವ್ಯಾಪಾರ. ಸೀಟ್ ಕವರು, ಹೆಡ್‌ಲೈಟು ತೂಗುಹಾಕಿದ ಅಂಗಡಿಗಳನ್ನು ಬಿಟ್ಟು ಪಕ್ಕದ ಗಲ್ಲಿಗೆ ಹೊರಳಿದಾಗ ಜಾಕ್ ಮೇಲೆ ನಿಂತ ಕಾರುಗಳು ಎದುರಾಗುತ್ತವೆ. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ದಿನವಿಡೀ ಬ್ರೇಕ್ ತುಳಿದು ಸವೆಸಿದ್ದು ಇಲ್ಲಿ ಕಣ್ಣಿಗೆ ಬೀಳುತ್ತದೆ.

ಪಳಗಿದ ಮೆಕ್ಯಾನಿಕ್ ಮೊದಲು ಸ್ಪ್ಯಾನರ್ ಎತ್ತುವುದಿಲ್ಲ, ಪ್ರಶ್ನೆ ಕೇಳುತ್ತಾರೆ. "ಯಾವಾಗ ಕೂಗುತ್ತೆ ಸಾರ್? ಬೆಳಗ್ಗೆ ಮಾತ್ರಾನಾ, ಯಾವಾಗ್ಲೂನಾ?" ಅರ್ಧ ರೋಗ ಇದಕ್ಕೆ ಕೊಡುವ ಉತ್ತರದಲ್ಲೇ ಗೊತ್ತಾಗುತ್ತದೆ. ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕ್ ಬೀಡುಕಬ್ಬಿಣದ್ದು; ಕಾರು ಮಳೆಯಲ್ಲಿ ರಾತ್ರಿಯಿಡೀ ನಿಂತರೆ ಅದರ ಮೇಲೆ ತೆಳುವಾಗಿ ತುಕ್ಕು ಕೂರುತ್ತದೆ. ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಅದು ಉಜ್ಜಿಹೋಗಿ ಸದ್ದು ಅಡಗುತ್ತದೆ. ಇದಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಿಲ್ಲ. ಬ್ರೇಕ್ ಒತ್ತದಿದ್ದರೂ ಕೆರೆಯುವ ಸದ್ದಿದ್ದರೆ ಡಿಸ್ಕ್ ಹಿಂದಿನ ತಗಡಿಗೂ ಡಿಸ್ಕಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿಕೊಂಡಿರಬಹುದು. ದಿನವಿಡೀ ಕೀಂಯ್ ಎನ್ನುತ್ತಿದ್ದರೆ ಮಾತ್ರ ಚಕ್ರ ಬಿಚ್ಚಲೇಬೇಕು.

ಬಿಚ್ಚಿದಾಗ ಮೊದಲು ನೋಡಬೇಕಾದದ್ದು ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡುಗಳನ್ನು. ಹೊಸ ಪ್ಯಾಡಿನ ಉಜ್ಜುವ ಭಾಗ ಸುಮಾರು 10 ಮಿ.ಮೀ. ದಪ್ಪ ಇರುತ್ತದೆ. 3 ಮಿ.ಮೀ.ಗೆ ಇಳಿದರೆ ಬದಲಿಸುವ ಹೊತ್ತು. ಹಲವು ಪ್ಯಾಡುಗಳಿಗೆ ಸಣ್ಣದೊಂದು ಉಕ್ಕಿನ ಪಟ್ಟಿ ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ, ಬೇಕೆಂದೇ ಕಿರುಚುತ್ತದೆ. ಆ ಕೂಗನ್ನು ಕಡೆಗಣಿಸಿ ಓಡಿಸಿದರೆ ಕೀಂಯ್ ಹೋಗಿ ಗರಗರ ಬರುತ್ತದೆ. ಆಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ ಎಂದರ್ಥ, ಕಾರನ್ನು ಮುಂದಕ್ಕೆ ಓಡಿಸಬಾರದು. ಒಳಗಿನ ಪ್ಯಾಡನ್ನೂ ನೋಡಿಸಿ. ಚಕ್ರದ ಸಂದಿಯಿಂದ ಕಾಣುವುದು ಹೊರಗಿನದು ಮಾತ್ರ. ಪ್ಯಾಡುಗಳನ್ನು ಹೊತ್ತ ಕ್ಯಾಲಿಪರಿನ ಪಿನ್ನು ಸರಿಯದೆ ಹಿಡಿದುಕೊಂಡಿದ್ದರೆ ಒಳಗಿನದೇ ಬೇಗ ಮುಗಿದಿರುತ್ತದೆ. ಪಿನ್ನು ಸರಿಮಾಡದೆ ಬರೀ ಪ್ಯಾಡ್ ಹಾಕಿದರೆ ಅದೂ ಹಾಗೇ ಸವೆಯುತ್ತದೆ.

ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಡಿಸ್ಕಿನದು. ಪ್ಯಾಡ್ ತಾಗದ ಹೊರ ಅಂಚು ಸವೆಯುವುದಿಲ್ಲ, ಹಾಗಾಗಿ ಹಳೆಯ ಡಿಸ್ಕಿನ ಅಂಚು ರೊಟ್ಟಿಕಲ್ಲಿನ ಅಂಚಿನಂತೆ ಎದ್ದಿರುತ್ತದೆ. ದಪ್ಪ ಅಳೆಯಲು ಅವಸರದಲ್ಲಿ ವರ್ನಿಯರ್ ಹಿಡಿದರೆ ಅದರ ದವಡೆ ಈ ಅಂಚಿನ ಮೇಲೆ ಕೂತು, ಸವೆದ ಡಿಸ್ಕ್ ದಪ್ಪಗಿದೆಯೆಂದು ತೋರಿಸುತ್ತದೆ. ಅಂಚು ಬಿಟ್ಟು ಒಳಗೆ, ಸುತ್ತಲೂ ಹಲವೆಡೆ, ಮೈಕ್ರೋಮೀಟರಿನಲ್ಲಿ ಅಳೆಯಬೇಕು. ಎಷ್ಟಕ್ಕಿಂತ ತೆಳುವಾಗಬಾರದು ಎಂಬುದನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಒತ್ತಿರುತ್ತಾರೆ. 22 ಮಿ.ಮೀ.ನ ಡಿಸ್ಕಿಗೆ 20 ಎಂದಿದ್ದರೆ, ಸವೆಯಲು ಇರುವುದು ಎರಡೇ ಮಿ.ಮೀ. ಡಿಸ್ಕಿನ ದಪ್ಪ ಒಂದೊಂದು ಕಡೆ ಒಂದೊಂದು ಥರ ಆಗಿದ್ದರೆ, ಕೂದಲೆಳೆಗಿಂತ ಕಡಿಮೆ ವ್ಯತ್ಯಾಸವಾದರೂ, ಬ್ರೇಕ್ ಒತ್ತಿದಾಗ ಪೆಡಲು ಕಾಲಿಗೆ ಅದುರುತ್ತದೆ. ಮುಂದಿನ ಚಕ್ರದ್ದಾದರೆ ಸ್ಟೀರಿಂಗೂ ನಡುಗುತ್ತದೆ.

ಲೇತಿಗೆ ಕೊಟ್ಟು ಡಿಸ್ಕಿನ ಮೈ ಹೆರೆಸುವುದು ಅಗ್ಗದ ದಾರಿ, ದಪ್ಪ ಉಳಿದಿದ್ದರೆ ಒಳ್ಳೆಯ ದಾರಿಯೂ ಹೌದು. ಆದರೆ ಹೆರೆಯುವ ಮೊದಲೂ ಆಮೇಲೂ ಅಳತೆಯನ್ನು ನಿಮ್ಮ ಕಣ್ಣೆದುರೇ ತೆಗೆಸಿ. ಮಿತಿಗಿಂತ ತೆಳುವಾದ ಡಿಸ್ಕ್ ಎಷ್ಟೇ ನುಣುಪಾಗಿ ಹೊಳೆದರೂ ಬೇಗ ಕಾಯುತ್ತದೆ, ಬಿರುಕು ಬಿಡಬಹುದು. ಚಾರ್ಮಾಡಿ, ಆಗುಂಬೆಯಂಥ ಘಾಟಿ ಇಳಿಯುವವರು ಈ ವಿಷಯದಲ್ಲಿ ಚೌಕಾಸಿ ಮಾಡಲೇಬಾರದು. ಬದಲಿಸುವುದಾದರೆ ಎಡ, ಬಲ ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಕೆಲಸ ಮುಗಿದಾಗ ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ಸರಿದಿರುತ್ತದೆ, ಪೆಡಲು ಮೊದಲ ಸಲ ತಳಕ್ಕೇ ಹೋಗಬಹುದು. ಹಾಗಾಗಿ ಕಾರು ಕದಲಿಸುವ ಮೊದಲೇ ಪೆಡಲು ಗಟ್ಟಿಯಾಗುವವರೆಗೆ ಒತ್ತಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಿಂದ 15ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ, ನಡುನಡುವೆ ಆರಲು ಬಿಟ್ಟು, ಹತ್ತಾರು ಸಲ ಹೀಗೆ ಮಾಡಿದರೆ ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುತ್ತದೆ.