ಮೊದಲು ಬೂಟು, ಆಮೇಲೆ ಬೈಕು

ಮೋಟೋಕ್ರಾಸ್ ಕಲಿಯಬೇಕೆಂದು ನನ್ನ ಹತ್ತಿರ ಬರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಯಾವ ಗಾಡಿ ತಗೊಳ್ಳಲಿ?’ ಗಾಡಿಯ ಮಾತು ಆಮೇಲೆ, ಮೊದಲು ನಿಮ್ಮ ಕಾಲಿನ ಅಳತೆ ಹೇಳಿ ಅನ್ನುತ್ತೇನೆ. ಮೂವತ್ತು ದಾಟಿದವರು, ತಿಂಗಳ ಸಂಬಳದಲ್ಲಿ ಮನೆ ನಡೆಸುವವರು ಈ ಆಟಕ್ಕೆ ಇಳಿಯುವುದಾದರೆ ಮೊದಲ ದುಡ್ಡು ಬೂಟು, ಹೆಲ್ಮೆಟ್ಟು, ಮೊಣಕಾಲಿನ ಗಾರ್ಡಿಗೆ ಹೋಗಬೇಕು. ಎರಡನೆಯದು ಕಲಿಸುವವರಿಗೆ. ಉಳಿದದ್ದರಲ್ಲಿ ಬೈಕು.

ನಾನಿರುವುದು ವಡ್ಡೆಪಲ್ಲಿಯಲ್ಲಿ. 2016ರ ತನಕ ಮಹಬೂಬ್‌ನಗರ ಜಿಲ್ಲೆ, ಈಗ ಜೋಗುಳಾಂಬ ಗದ್ವಾಲ. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ನಮ್ಮ ಸೀಮೆಯನ್ನು ನಡಿಗಡ್ಡೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕನ್ನಡ, ಬಜಾರಕ್ಕೆ ಹೋದರೆ ತೆಲುಗು. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ದೀಪಾವಳಿ ಆಸುಪಾಸಿನಿಂದ ಶಿವರಾತ್ರಿವರೆಗೆ ಹತ್ತಿ ಗಾಡಿಗಳ ಸಾಲು, ಉಸಿರಾಡಲು ಪುರುಸೊತ್ತಿರುವುದಿಲ್ಲ. ಯುಗಾದಿ ದಾಟಿದ ಮೇಲೆ ಮಿಲ್ಲು ತಣ್ಣಗಾಗುತ್ತದೆ, ಹೊಲಗಳು ಖಾಲಿ ಬೀಳುತ್ತವೆ. ನನ್ನ ಬೈಕಿಗೆ ಮಣ್ಣು ಹತ್ತುವುದು ಆಗ.

ಈ ಆಟ ಏನೆಂದು ಮೊದಲು ಹೇಳಿಬಿಡುತ್ತೇನೆ. ಡಾಂಬರಿನ ಸೋಂಕಿಲ್ಲದ ಮಣ್ಣಿನ ಸುತ್ತು. ಅದರಲ್ಲಿ ದಿಬ್ಬ, ಹಳ್ಳ, ಓರೆಗಟ್ಟಿದ ತಿರುವು, ಸಾಲುಸಾಲು ಉಬ್ಬು. ಎಲ್ಲರೂ ಒಂದೇ ಗೆರೆಯಲ್ಲಿ ನಿಂತು ಒಟ್ಟಿಗೆ ಹೊರಡುತ್ತಾರೆ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1924ರಲ್ಲಿ ಕ್ಯಾಂಬರ್ಲಿ ಎಂಬಲ್ಲಿ ನಡೆದ ಓಟದಿಂದ. 1957ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಬಂತು. ಇಂದಿನ ವಿಶ್ವಮಟ್ಟದ ಒಂದು ಓಟ 30 ನಿಮಿಷ, ಮೇಲೆ ಎರಡು ಸುತ್ತು. ಅದನ್ನೇ ಕ್ರೀಡಾಂಗಣದೊಳಗೆ ಮಣ್ಣು ತುಂಬಿಸಿ ಆಡಿದರೆ ಸೂಪರ್‌ಕ್ರಾಸ್. 2024ರಲ್ಲಿ ಶುರುವಾದ ಇಂಡಿಯನ್ ಸೂಪರ್‌ಕ್ರಾಸ್ ಲೀಗ್ ಪುಣೆ, ಅಹಮದಾಬಾದ್ ಮುಗಿಸಿ ಬೆಂಗಳೂರಿಗೂ ಬಂದಿತ್ತು.

ನಮ್ಮ ಜನಕ್ಕೆ ಹೆಚ್ಚು ಗೊತ್ತಿರುವುದು ಡಕಾರ್ ರ‍್ಯಾಲಿ. ಅದು ದಿನಗಟ್ಟಲೆ ಮರಳುಗಾಡಿನಲ್ಲಿ ದಾರಿ ಹುಡುಕುತ್ತ ಹೋಗುವ ಬೇರೆಯೇ ಪಂದ್ಯ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಅದನ್ನು ಮುಗಿಸಿದ ಮೊದಲ ಭಾರತೀಯ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಮುಗಿಸಿದರು. ಬಿಗ್ ಬಾಸ್ ನೋಡುವವರಿಗೆ ಅವರ ಮುಖ ಗುರುತಿದೆ. ಆದರೆ ಡಕಾರ್‌ಗೆ ಹೋಗುವ ಎಷ್ಟೋ ವರ್ಷ ಮೊದಲೇ ಇಬ್ಬರೂ ನಮ್ಮ ದೇಶದ ಮೋಟೋಕ್ರಾಸ್, ಸೂಪರ್‌ಕ್ರಾಸ್ ಮಣ್ಣಿನಲ್ಲಿ ಬಿದ್ದು ಎದ್ದು ಕಲಿತವರು. ಆ ಮಣ್ಣು ನಮ್ಮಂಥ ಊರಿನವರಿಗೂ ಇದೆ ಎಂಬುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಯುರೋಪಿನಲ್ಲಿ ಮಕ್ಕಳು ನಾಲ್ಕೈದು ವರ್ಷಕ್ಕೇ 50 ಸಿಸಿ ಗಾಡಿ ಹತ್ತುತ್ತಾರೆ. ದೊಡ್ಡವರಾಗಿ ಶುರುಮಾಡಿದ ನಾವು ಅವರ ಹಿಂದೆ ಬೀಳುವುದು ಬೇಡ. ನಮ್ಮ ಲೆಕ್ಕ ಬೇರೆ. ಮಕ್ಕಳ ಎಲುಬು ಬೇಗ ಕೂಡುತ್ತದೆ, ಅವರ ತೂಕವೂ ಕಡಿಮೆ, ಅವರ ಮಣಿಕಟ್ಟಿನ ಮೇಲೆ ಒಂದು ಮನೆ ನಿಂತಿರುವುದಿಲ್ಲ. ‘ಎಪ್ಪಾ, ಕೈ ಮುರ್ಕೊಂಡ್ರ ನಿನ್ ಲೆಕ್ಕ ಯಾರ್ ಬರೀತಾರ?’ ಎಂದು ನಮ್ಮವ್ವ ಕೇಳಿದ್ದು ಬರೀ ಹೆದರಿಕೆಯ ಮಾತಲ್ಲ. ಪಳಗಿದವರೂ ಬೀಳುತ್ತಾರೆ. 2021ರ ಜನವರಿಯಲ್ಲಿ ಸೌದಿಯ ಡಕಾರ್‌ನಲ್ಲಿ ಬಿದ್ದ ಸಂತೋಷ್ ಅವರನ್ನು ವೈದ್ಯರು ಔಷಧಿ ಕೊಟ್ಟು ಕೋಮಾದಲ್ಲಿ ಇಡಬೇಕಾಯಿತು. 2019ರಲ್ಲಿ ಬಾಜಾಸ್ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ, ಅದರ ಹಿಂದಿನ ವರ್ಷ ಸ್ಪೇನಿನಲ್ಲಿ ಬಿದ್ದು ಪ್ಯಾಂಕ್ರಿಯಾಸ್‌ಗೆ ಪೆಟ್ಟು ಮಾಡಿಕೊಂಡಿದ್ದರು. ಅವರಿಬ್ಬರೂ ಮತ್ತೆ ಎದ್ದು ಬಂದರು. ಅವರ ಹಿಂದೆ ತಂಡವಿತ್ತು, ವೈದ್ಯರಿದ್ದರು. ನಮ್ಮ ಹಿಂದೆ ಇರುವುದು ಮನೆಯವರು.

ಬೂಟಿನಿಂದಲೇ ಶುರುಮಾಡುತ್ತೇನೆ. ತಿರುವಿನಲ್ಲಿ ಒಳಗಿನ ಕಾಲನ್ನು ಮುಂದಿನ ಚಕ್ರದ ಕಡೆ ಚಾಚುತ್ತೇವೆ. ಆ ಕಾಲು ನೆಲಕ್ಕೆ ತಾಗಿ ಹಿಂದಕ್ಕೆ ತಿರುಚಿದರೆ ಕಣಕಾಲು ಹೋಯಿತು. ಬಿದ್ದಾಗ ನೂರೈವತ್ತು ಕಿಲೋ ಗಾಡಿ ಬಂದು ಕೂರುವುದೂ ಕಾಲಿನ ಮೇಲೆಯೇ. ಮೋಟೋಕ್ರಾಸ್ ಬೂಟು ಮೊಣಕಾಲಿನ ಕೆಳಗಿನ ತನಕ ಬರುತ್ತದೆ. ಮುಂಗಾಲಿಗೆ ಗಟ್ಟಿ ಪ್ಲಾಸ್ಟಿಕ್ ತಟ್ಟೆ, ಪಕ್ಕಕ್ಕೆ ಬಕಲು, ಕಣಕಾಲು ಅಕ್ಕಪಕ್ಕ ಹೊರಳದ ಕಟ್ಟು. ಗಮ್‌ಬೂಟು, ಪೊಲೀಸ್ ಬೂಟು ಈ ಕೆಲಸ ಮಾಡುವುದಿಲ್ಲ. ಹೊಸದರಲ್ಲಿ ಅದು ಎಷ್ಟು ಬಿರುಸೆಂದರೆ ಗೇರಿನ ಕಡ್ಡಿ ಕಾಲಿಗೆ ತಾಗಿತೋ ಇಲ್ಲವೋ ತಿಳಿಯುವುದಿಲ್ಲ. ಸಂಜೆ ಮನೆಯಂಗಳದಲ್ಲಿ ಅದನ್ನೇ ಹಾಕಿಕೊಂಡು ಓಡಾಡಬೇಕು, ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಕೂತು ಗೇರು ಹಾಕಿ ತೆಗೆಯಬೇಕು. ಕ್ರಮೇಣ ಬೂಟು ಕಾಲಿಗೆ ಒಗ್ಗುತ್ತದೆ.

ಬೂಟಿಗೆ ನಾನು ಕೊಟ್ಟದ್ದು ಹದಿನಾಲ್ಕು ಸಾವಿರ. ಮೂತಿ ಮುಂದೆ ಚಾಚಿದ, ನೆತ್ತಿಗೆ ಮರೆಯಿರುವ ಆಫ್‌ರೋಡ್ ಹೆಲ್ಮೆಟ್ಟಿಗೆ ಮೂರು ಸಾವಿರದ ಹತ್ತಿರ; ಐಎಸ್‌ಐ ಗುರುತು ಇರಲೇಬೇಕು. ಕನ್ನಡಕ, ಕೈಗವಸು, ಮೊಣಕಾಲು ಮೊಣಕೈ ಗಾರ್ಡು, ಎದೆ ಬೆನ್ನಿಗೆ ಕವಚ ಎಲ್ಲ ಸೇರಿ ಮೂವತ್ತು ಸಾವಿರದ ಒಳಗೆ ಮುಗಿಯಿತು. ಕವಚ, ಜೆರ್ಸಿ, ಬೂಟು ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ, ಬಕಲು ಗಟ್ಟಿಯಿದ್ದರೆ ಸಾಕು. ಹೆಲ್ಮೆಟ್ಟು ಮಾತ್ರ ಹೊಸದೇ ಬೇಕು. ಒಳಗಿನ ಥರ್ಮಾಕೋಲ್ ಒಮ್ಮೆ ಪೆಟ್ಟು ತಿಂದು ಅಮುಕಿದರೆ ಮತ್ತೆ ಪೆಟ್ಟು ಹೀರುವುದಿಲ್ಲ; ಹೊರಗಿನ ಬಣ್ಣ ನೋಡಿದರೆ ಅದು ಗೊತ್ತಾಗುವುದೂ ಇಲ್ಲ.

ಕಲಿಯಲು ನಾನು ಹೋದದ್ದು ಕೋಲಾರದ ಬಳಿ ಸಂತೋಷ್ ಕಟ್ಟಿದ ಬಿಗ್‌ರಾಕ್ ಮೋಟೋಪಾರ್ಕಿಗೆ. ಗದ್ವಾಲದಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಿನ ಜಾವ ಬೆಂಗಳೂರು. ಇಂಥ ಕಡೆ ಗಾಡಿ, ಕವಚ ಬಾಡಿಗೆಗೆ ಸಿಗುತ್ತವೆ. ಸ್ವಂತ ಗಾಡಿಗೆ ದುಡ್ಡು ಹಾಕುವ ಮೊದಲೇ ಈ ಆಟ ನಿಮ್ಮ ಮೈಗೆ ಹಿಡಿಸುತ್ತದೋ ಇಲ್ಲವೋ ಅಲ್ಲೇ ತೀರ್ಮಾನವಾಗುತ್ತದೆ. ಹಿಡಿಸದಿದ್ದರೆ ಹೋದದ್ದು ಶುಲ್ಕ, ರೈಲು ಚಾರ್ಜು ಅಷ್ಟೇ.

ಮೊದಲು ಕಲಿಯಬೇಕಾದದ್ದು ನಿಲ್ಲುವುದನ್ನು. ಇಪ್ಪತ್ತು ವರ್ಷ ಬೈಕು ಓಡಿಸಿದವರಿಗೂ ಗಾಡಿಯ ಮೇಲೆ ನಿಲ್ಲಲು ಬರುವುದಿಲ್ಲ. ಪಾದದ ಉಬ್ಬು ಫುಟ್‌ರೆಸ್ಟಿನ ಮೇಲೆ, ಮೊಣಕಾಲು ತುಸು ಬಾಗಿ ಟ್ಯಾಂಕನ್ನು ಒತ್ತಿ ಹಿಡಿದಿರಬೇಕು, ಸೊಂಟ ಹಿಂದೆ, ತಲೆ ಹ್ಯಾಂಡಲ್ಲಿನ ನೇರಕ್ಕೆ, ಮೊಣಕೈ ಎತ್ತಿ ಹೊರಗೆ. ಕ್ಲಚ್ಚಿನ ಮೇಲೆ ಒಂದೇ ಬೆರಳು. ಕಣ್ಣು ಚಕ್ರದ ಮುಂದಿನ ಕಲ್ಲಿನ ಮೇಲಲ್ಲ, ಮುಂದಿನ ತಿರುವಿನ ಮೇಲೆ. ಹೀಗೆ ನಿಂತಾಗ ಗಾಡಿ ಕೆಳಗೆ ಕುಣಿದರೂ ಮೈ ಕುಣಿಯುವುದಿಲ್ಲ. ಕೈಯಿಂದ ಜೋತುಬಿದ್ದು ಓಡಿಸುವವರ ಮುಂಗೈ ಹತ್ತೇ ನಿಮಿಷದಲ್ಲಿ ಊದಿ ಕಲ್ಲಾಗುತ್ತದೆ, ಬ್ರೇಕು ಹಿಡಿಯಲೂ ಬೆರಳು ಬಾಗುವುದಿಲ್ಲ. ಮದ್ದು ತೊಡೆಯಲ್ಲಿದೆ: ಮೊಣಕಾಲಿನಿಂದ ಹಿಡಿದರೆ ಕೈ ಹಗುರ. ಗಾಡಿ ಕೊಳ್ಳುವ ಮೊದಲೇ ಮನೆಯಲ್ಲಿ ಬೈಠಕ್ ಹೊಡೆಯಿರಿ ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಗಾಡಿ. ಅಸಲಿ ಮೋಟೋಕ್ರಾಸ್ ಬೈಕು, ಕವಾಸಾಕಿ ಕೆಎಕ್ಸ್ 250 ಅಂಥದ್ದು, ನೂರು ಕಿಲೋ ಚಿಲ್ಲರೆ ತೂಗುತ್ತದೆ, ಬೆಲೆ ಏಳೆಂಟು ಲಕ್ಷ, ರಸ್ತೆಗೆ ನೋಂದಣಿ ಇಲ್ಲ. ಮನೆಯಿಂದ ಹೊಲಕ್ಕೂ ಟಾಟಾ ಏಸ್‌ನಲ್ಲಿ ಹೇರಿಕೊಂಡೇ ಹೋಗಬೇಕು. ನಮ್ಮಂಥವರಿಗೆ ದಾರಿ ತೆರೆದದ್ದು 2019ರಲ್ಲಿ ಬಂದ ಹೀರೊ ಎಕ್ಸ್‌ಪಲ್ಸ್ 200. ಆಗ ಅದರ ಬೆಲೆ ಶುರುವಾದದ್ದು 97 ಸಾವಿರಕ್ಕೆ. ಮುಂದೆ 21 ಇಂಚು, ಹಿಂದೆ 18 ಇಂಚಿನ ಕಡ್ಡಿ ಚಕ್ರ, ನೆಲದಿಂದ 220 ಮಿಲಿಮೀಟರ್ ಎತ್ತರ, ಮುಂದಿನ ಸಸ್ಪೆನ್ಷನ್ 190 ಮಿಲಿಮೀಟರ್ ಇಳಿಯುತ್ತದೆ. ವಾರವಿಡೀ ಅದರಲ್ಲೇ ಮಿಲ್ಲಿಗೆ ಹೋಗಬಹುದು, ಭಾನುವಾರ ಕನ್ನಡಿ, ಇಂಡಿಕೇಟರ್ ಬಿಚ್ಚಿಟ್ಟು ಹೊಲಕ್ಕೆ ಇಳಿಸಬಹುದು. ಆದರೆ ಅದು ಆಳೆತ್ತರ ಹಾರುವ ಗಾಡಿಯಲ್ಲ. ಹಾರಿಸಿದರೆ ಫೋರ್ಕು ತಳ ಬಡಿದು ಆ ಪೆಟ್ಟೆಲ್ಲ ಮಣಿಕಟ್ಟಿಗೆ ಬರುತ್ತದೆ.

ಹಳೆಯದನ್ನು ಕೊಳ್ಳುವಾಗ ಫೋರ್ಕಿನ ಕೊಳವೆಯ ಮೇಲೆ ಆಯಿಲ್ ಒಸರಿದೆಯೇ ನೋಡಿ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿ. ನಡುವೆ ಎಲ್ಲಾದರೂ ಕಚ್ಚಿದರೆ ಬೇರಿಂಗು ಹೋಗಿದೆ. ಸೀಟು ಬಿಚ್ಚಿಸಿ ಕೆಳಗಿನ ಫ್ರೇಮಿನ ಬೆಸುಗೆ ನೋಡಿ. ನಮ್ಮ ಕಡೆಯವರಿಗೆ ಇನ್ನೊಂದು ಮಾತು: ರಾಯಚೂರಿನಲ್ಲಿ ಒಳ್ಳೆ ಗಾಡಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅದು ಕೆಎ ನಂಬರಿನದು. ಇಲ್ಲಿಗೆ ತಂದು ಇಟ್ಟುಕೊಳ್ಳಬೇಕಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಇಲ್ಲಿ ತೆರಿಗೆ, ಟಿಜಿ ನಂಬರು ಎಲ್ಲ ಆಗಬೇಕು. ಆ ಖರ್ಚನ್ನೂ ಕೂಡಿಸಿ ನೋಡಿದ ಮೇಲೇ ಅಗ್ಗವೋ ಅಲ್ಲವೋ ಹೇಳಬಹುದು.

ನೆಲದ ವಿಷಯದಲ್ಲಿ ನಡಿಗಡ್ಡೆ ಭಾಗ್ಯವಂತ ಸೀಮೆ, ಆದರೆ ನೆಲ ತಿಳಿದಿರಬೇಕು. ಎರೆ ಹೊಲಕ್ಕೆ ಇಳಿಯಬೇಡಿ. ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟಿರುತ್ತದೆ, ಆ ಸೀಳಿನಲ್ಲಿ ಮುಂದಿನ ಚಕ್ರ ಕೂತರೆ ಸವಾರ ಹ್ಯಾಂಡಲ್ ದಾಟಿ ಹೋಗುತ್ತಾನೆ. ಒಂದು ಮಳೆ ಬಿದ್ದರೆ ಅದೇ ಮಣ್ಣು ಟೈರಿನ ಹಲ್ಲುಗಳ ಸಂದಿನಲ್ಲಿ ತುಂಬಿ, ಮಡ್‌ಗಾರ್ಡಿನ ಕೆಳಗೆ ಗಟ್ಟಿಯಾಗಿ, ಚಕ್ರವೇ ತಿರುಗದಂತೆ ಹಿಡಿದುಬಿಡುತ್ತದೆ. ಮಸಾರಿ ಮಣ್ಣು ಬೇಕು. ಸಣ್ಣ ಮಳೆಯ ಮಾರನೆ ದಿನ ಬೆಳಿಗ್ಗೆ ಮಸಾರಿ ಹೊಲದಲ್ಲಿ ಟೈರು ಕಚ್ಚುವ ಪರಿಯೇ ಬೇರೆ: ತಿರುವಿನಲ್ಲಿ ಹೊರಗಿನ ಫುಟ್‌ರೆಸ್ಟನ್ನು ತುಳಿದರೆ ಹಿಂದಿನ ಚಕ್ರ ಅಚ್ಚು ಬಿಡುತ್ತ ಹೋಗುವುದು ಅಂಗಾಲಿಗೇ ತಿಳಿಯುತ್ತದೆ. ಗರಸು ನೆಲ ಜಾರುತ್ತದೆ, ಬಿದ್ದರೆ ಚರ್ಮ ಸುಲಿಯುತ್ತದೆ. ಅದು ಸ್ವಲ್ಪ ಕೈ ಕುದುರಿದವರಿಗೆ.

ಆರ್‌ಡಿಎಸ್ ಕಾಲುವೆಯ ಏರಿ, ನದಿಯ ದಂಡೆ, ಕಂಡವರ ಹೊಲ ಇವು ಟ್ರ್ಯಾಕ್ ಅಲ್ಲ. ಏರಿ ಕುಸಿದರೆ ಹಾಳಾಗುವುದು ರೈತನ ನೀರು. ನಾನು ಓಡಿಸುವುದು ನಮ್ಮ ಮಾವನವರ ಬೀಳು ಹೊಲದಲ್ಲಿ, ಅವರನ್ನು ಕೇಳಿ. ಎರಡು ಹಳೆ ಟ್ರ್ಯಾಕ್ಟರ್ ಟೈರು ಇಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ಸುತ್ತುವುದರಿಂದಲೇ ಎಲ್ಲ ಶುರು. ಗಾಳಿ 18–20 ಪಿಎಸ್‌ಐಗೆ ಇಳಿಸಿ, ಮನೆಗೆ ಮರಳುವಾಗ ಮತ್ತೆ ತುಂಬಿಸಬೇಕು. ಏಪ್ರಿಲ್, ಮೇ ಬಿಸಿಲಿನಲ್ಲಿ ಎಂಟು ಗಂಟೆಯೊಳಗೆ ಮುಗಿಸಿಬಿಡಬೇಕು. ಒಬ್ಬರೇ ಎಂದೂ ಹೋಗಬಾರದು. ಜೊತೆಗಿರುವವರ ಹತ್ತಿರ ಫೋನು, ನೀರು, ಮನೆಯವರ ನಂಬರು ಇರಬೇಕು.

ಜಿಗಿತ ಕೊನೆಗೆ. ಮೊದಲ ದಿಬ್ಬ ಮೊಣಕಾಲೆತ್ತರ ಸಾಕು, ಏರುವ ಕಡೆಯಷ್ಟೇ ಇಳಿಯುವ ಕಡೆಯೂ ಓರೆಯಾಗಿರಬೇಕು, ನಡುವೆ ಮೇಜಿನಂತೆ ಮಟ್ಟ. ನಡುವೆ ಹಳ್ಳ ಬಿಟ್ಟು ಅಳತೆ ತಪ್ಪಿದರೆ ಎದುರಿನ ಗೋಡೆಗೆ ಬಡಿಯುತ್ತೀರಿ; ಮಟ್ಟವಿದ್ದರೆ ಅದರ ಮೇಲೇ ಕೂರುತ್ತೀರಿ. ದಿಬ್ಬದ ತುದಿಯಲ್ಲಿ ಹೆದರಿ ಆಕ್ಸಿಲೇಟರ್ ಬಿಟ್ಟರೆ ಮುಂದಿನ ಚಕ್ರ ಕೆಳಗೆ ಮುಗ್ಗರಿಸುತ್ತದೆ. ಗಾಳಿಯಲ್ಲಿದ್ದಾಗಲೂ ಗಾಡಿ ಮಾತು ಕೇಳುತ್ತದೆ: ಆಕ್ಸಿಲೇಟರ್ ತಿರುವಿ ಹಿಂದಿನ ಚಕ್ರದ ವೇಗ ಹೆಚ್ಚಿಸಿದರೆ ಮೂತಿ ಮೇಲೇಳುತ್ತದೆ, ಹಿಂದಿನ ಬ್ರೇಕು ತುಳಿದು ಚಕ್ರ ನಿಲ್ಲಿಸಿದರೆ ಮೂತಿ ಇಳಿಯುತ್ತದೆ. ಸುತ್ತುವ ಚಕ್ರದ ಬಲ ಗಾಡಿಗೆ ವರ್ಗವಾಗುವುದರಿಂದ ಹೀಗೆ. ನೆಲದ ಮೇಲೆ ಸಮನಾಗಿ ಆಕ್ಸಿಲೇಟರ್ ಹಿಡಿಯಲು ಬಂದವರಿಗಷ್ಟೇ ಇದು ಕೈಗೆ ಹತ್ತುತ್ತದೆ.

ಖರ್ಚು ಉಳಿಸುವ ಕೆಲಸ ಏರ್ ಫಿಲ್ಟರಿನಲ್ಲಿದೆ. ನಮ್ಮ ಕೆಂಪು ಧೂಳು ಫಿಲ್ಟರು ದಾಟಿ ಒಳಗೆ ಹೋದರೆ ಪಿಸ್ಟನ್ನು, ಸಿಲಿಂಡರು ತೇಯ್ದುಹೋಗುತ್ತವೆ, ಸಾವಿರಗಟ್ಟಲೆ ಬಿಲ್ಲು. ಓಡಿಸಿದ ದಿನವೇ ಸಂಜೆ ಫಿಲ್ಟರು ಬಿಚ್ಚಿ ನೋಡಬೇಕು. ಫೋಮಿನದಾದರೆ ತೊಳೆದು, ಒಣಗಿಸಿ, ಅದರ ಎಣ್ಣೆ ಸವರಿ ಹಾಕುವುದು. ಚೈನು ತೊಳೆಯುವುದು, ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ ಸಡಿಲಾದದ್ದನ್ನು ಬಿಗಿಯುವುದು ಅದೇ ಹೊತ್ತಿಗೆ ಆಗುತ್ತದೆ. ‘ಅಣ್ಣಾ, ಗಾಡಿ ತೊಳಿಯೋರ ಗಾಡೀನೇ ಉಳಿಯೋದು’ ಎಂದು ನಮ್ಮ ಮೇಸ್ತ್ರಿ ಹೇಳುತ್ತಿರುತ್ತಾನೆ.

ವಿಮೆಯ ಕಾಗದವನ್ನೂ ಒಮ್ಮೆ ಬಿಡಿಸಿ ಓದಿ. ಗಾಡಿಯ ಸಾಮಾನ್ಯ ಪಾಲಿಸಿ ಓಟದ ಪಂದ್ಯ, ವೇಗ ಪರೀಕ್ಷೆಗೆ ಅನ್ವಯಿಸುವುದಿಲ್ಲ. ಆರೋಗ್ಯ ವಿಮೆಯಲ್ಲಿ ಸಾಮಾನ್ಯವಾಗಿ ಮೋಟಾರ್ ರೇಸಿಂಗ್‌ನಂಥ ಸಾಹಸದ ಆಟಗಳನ್ನು ವೃತ್ತಿಯಾಗಿ ಆಡುವವರ ಚಿಕಿತ್ಸೆಯನ್ನು ಹೊರಗಿಟ್ಟಿರುತ್ತಾರೆ. ವಾರಕ್ಕೊಮ್ಮೆ ಕಲಿಯುವವರ ವಿಷಯದಲ್ಲಿ ನಿಮ್ಮ ಪಾಲಿಸಿ ಏನನ್ನುತ್ತದೆ ಎಂದು ಕಂಪನಿಯಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ.

ರೇಸಿಗೆ ಇಳಿಯುವ ಮನಸ್ಸಾದರೆ ದೇಶದ ಮೋಟಾರ್ ಕ್ರೀಡೆಯನ್ನು ನಡೆಸುವ ಎಫ್‌ಎಂಎಸ್‌ಸಿಐ ಸಂಸ್ಥೆಯ ಲೈಸೆನ್ಸ್ ಬೇಕು. ಅದರ ಮಾನ್ಯತೆ ಇರುವ ಪಂದ್ಯಗಳಲ್ಲಿ ವಿದೇಶಿ ಗಾಡಿಗಳಿಗೆ, ನಮ್ಮ ದೇಶದ ಗಾಡಿಗಳಿಗೆ, ಹೊಸಬರಿಗೆ ಬೇರೆ ಬೇರೆ ವರ್ಗ ಇರುತ್ತವೆ. ಮಾನ್ಯತೆ ಇಲ್ಲದ, ಆಂಬುಲೆನ್ಸ್ ನಿಲ್ಲಿಸದ, ಜಾತ್ರೆಗೆಂದು ಹಚ್ಚಿದ ಓಟಕ್ಕೆ ಯಾರೆಷ್ಟು ಬಹುಮಾನ ಇಟ್ಟರೂ ಹೋಗಬೇಡಿ. ಒಂದು ಪಂದ್ಯವನ್ನು ಮೊದಲು ಬೇಲಿಯ ಹೊರಗೆ ನಿಂತು ನೋಡಿ ಬನ್ನಿ, ಹೊಸಬರ ವರ್ಗದ ಓಟ ತಪ್ಪಿಸಬೇಡಿ. ಮೊದಲ ತಿರುವಿನಲ್ಲಿ ಹತ್ತಾರು ಗಾಡಿ ಒಟ್ಟಿಗೆ ನುಗ್ಗುವಾಗ ಯಾರು ಬ್ರೇಕು ಎಲ್ಲಿ ಹಿಡಿದರು, ಯಾರ ಕಾಲು ಎಲ್ಲಿತ್ತು ಎಂದು ಗಮನಿಸಿದರೆ ನಿಮ್ಮ ಮುಂದಿನ ಭಾನುವಾರದ ಅಭ್ಯಾಸಕ್ಕೆ ಬೇಕಾದದ್ದು ಅಲ್ಲೇ ಸಿಗುತ್ತದೆ.